ಹವಳದ ಟ್ಯಾಂಕಿಗೆ ಎಷ್ಟು ಬೆಳಕು? ಕರಾವಳಿಯ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಹವಳದ ಟ್ಯಾಂಕಿಗೆ ದುಬಾರಿ ಎಲ್‌ಇಡಿ ಲೈಟ್ ತಂದವರು ಮೊದಲು ಮಾಡುವ ಕೆಲಸ ಅದನ್ನು ಪೂರ್ತಿ ಉರಿಸುವುದು. ದುಡ್ಡು ಕೊಟ್ಟಿದ್ದೇವೆ, ಉರಿಯಲಿ ಬಿಡಿ ಅನ್ನುವ ಲೆಕ್ಕ. ಎರಡು ವಾರದಲ್ಲಿ ಹವಳ ಬಣ್ಣ ಕಳೆದುಕೊಳ್ಳುತ್ತದೆ. ಆಗ ನೀರು ಸರಿ ಇಲ್ಲ ಅಂತ ನೀರು ಬದಲಾಯಿಸುತ್ತಾರೆ, ಉಪ್ಪಿನ ಬ್ರ್ಯಾಂಡ್ ಬದಲಾಯಿಸುತ್ತಾರೆ, ಹವಳವನ್ನು ಆ ಕಲ್ಲಿನಿಂದ ಈ ಕಲ್ಲಿಗೆ ಎತ್ತಿಡುತ್ತಾರೆ. ಲೈಟಿನ ಗುಂಡಿ ಮಾತ್ರ ಹಾಗೇ ಇರುತ್ತದೆ.

ಮನೆಯ ಟ್ಯಾಂಕಿನಲ್ಲಿ ಬೆಳಕು ಸ್ವಲ್ಪ ಕಡಿಮೆಯಾದರೆ ಹವಳ ನಿಧಾನವಾಗಿ ಬೆಳೆಯುತ್ತದೆ, ಅಷ್ಟೇ. ಸರಿಪಡಿಸಲು ವಾರಗಟ್ಟಲೆ ಸಮಯ ಸಿಗುತ್ತದೆ. ಒಮ್ಮೆಲೇ ಜಾಸ್ತಿಯಾದರೆ ಕೆಲವೇ ದಿನಗಳಲ್ಲಿ ಕಳೆದುಕೊಳ್ಳಬಹುದು. ಆದ್ದರಿಂದ ಈ ಬರಹದಲ್ಲಿರುವ ಎಲ್ಲ ಹಂತಗಳ ಹಿಂದೆ ಒಂದೇ ಪದ್ಧತಿ ಇದೆ: ಕಡಿಮೆಯಿಂದ ಶುರು ಮಾಡಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಹವಳ ಉತ್ತರ ಕೊಡುವ ತನಕ ಕಾಯಿರಿ. ನಮ್ಮ ಮಂಗಳೂರು, ಉಡುಪಿ ಕಡೆ ಇದಕ್ಕೆ ಸೆಕೆ ಮತ್ತು ಮಳೆಗಾಲದ ಲೆಕ್ಕವೂ ಸೇರಬೇಕು. ಹೊರದೇಶದ ವಿಡಿಯೊ ನೋಡಿ ಸೆಟ್ಟಿಂಗ್ ಇಟ್ಟವರಿಗೆ ಏಪ್ರಿಲ್ ತಿಂಗಳಲ್ಲಿ ಅದು ಗೊತ್ತಾಗುತ್ತದೆ.

ಬೆಳಕು ಯಾರಿಗೆ ಬೇಕು?

ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಝೂಝ್ಯಾಂಥೆಲ್ಲೆ ಎಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳಿರುತ್ತವೆ. ಬೆಳಕು ಬೇಕಾಗಿರುವುದು ಅವುಗಳಿಗೆ. ಬೆಳಕಿನಲ್ಲಿ ಅವು ಸಕ್ಕರೆ ತಯಾರಿಸಿ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತವೆ. ಬದಲಿಗೆ ಹವಳ ಅವಕ್ಕೆ ಜಾಗವನ್ನೂ ತನ್ನ ತ್ಯಾಜ್ಯದಲ್ಲಿರುವ ಪೋಷಕಾಂಶವನ್ನೂ ಕೊಡುತ್ತದೆ.

ಬೆಳಕು ಮಿತಿ ಮೀರಿದಾಗ ಪಾಚಿಗಳು ಅದನ್ನು ಪೂರ್ತಿ ಬಳಸಲಾರವು. ಉಳಿದ ಶಕ್ತಿಯಿಂದ ಆಮ್ಲಜನಕದ ಹಾನಿಕಾರಕ ರೂಪಗಳು ಹುಟ್ಟುತ್ತವೆ. ಕೊನೆಗೆ ಹವಳ ಪಾಚಿಗಳನ್ನೇ ಹೊರಹಾಕುತ್ತದೆ. ಬಿಳುಚುವುದು ಅಂದರೆ ಇದೇ. ಬೆಳಕು ಕಡಿಮೆಯಾದಾಗ ಇದಕ್ಕೆ ತಿರುಗುಮುರುಗು. ಸಿಕ್ಕಷ್ಟು ಬೆಳಕನ್ನು ಹಿಡಿಯಲು ಪಾಚಿಗಳು ಬಣ್ಣದ ಕಣಗಳನ್ನು ಹೆಚ್ಚಿಸಿಕೊಳ್ಳುತ್ತವೆ, ಹವಳ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊಸ ಬೆಳಕಿಗೆ ಒಳಗಿನ ವ್ಯವಸ್ಥೆ ಹೊಂದಿಕೊಳ್ಳಲು ವಾರಗಳೇ ಬೇಕು. ಕಾಯಿರಿ ಅಂತ ಮತ್ತೆ ಮತ್ತೆ ಹೇಳುವುದು ಅದಕ್ಕೇ.

ಯಾವ ಹವಳ ಇಡಬಹುದು?

ಇದನ್ನು ಮೊದಲೇ ಹೇಳಿಬಿಡಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳೆಲ್ಲ ಸೇರಿದವು. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಸೀ ಫ್ಯಾನ್‌ಗಳೂ ಆಗಲೇ ಸೇರಿದವು. ಹುಲಿಗೆ ಇರುವ ಮಟ್ಟದ ರಕ್ಷಣೆ ಇದು. ನೇತ್ರಾಣಿಗೆ ಡೈವಿಂಗ್ ಹೋದವರು, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿಂದ ಏನನ್ನೂ ಕಿತ್ತು ತರಬೇಡಿ. ಅಂಗಡಿಯವರು ಆಕ್ರೋಪೊರಾ, ಹ್ಯಾಮರ್, ಟಾರ್ಚ್ ಅಂತ ತೋರಿಸಿದರೆ ಅವೆಲ್ಲ ಗಟ್ಟಿ ಹವಳಗಳೇ ಎಂಬುದು ಗೊತ್ತಿರಲಿ.

ಆದ್ದರಿಂದ ಈ ಮಾರ್ಗದರ್ಶಿ ಮುಖ್ಯವಾಗಿ ಮಶ್ರೂಮ್, ಝೋವಾಂಥಿಡ್, ಟೋಡ್‌ಸ್ಟೂಲ್ ಲೆದರ್, ಕೀನ್ಯಾ ಟ್ರೀ, ಝೀನಿಯಾ ಇಡುವವರಿಗೆ. ಇವು ಮೃದು ಹವಳಗಳು ಅಥವಾ ಹವಳಗಳ ಹತ್ತಿರದ ನೆಂಟರು. ಇವನ್ನೂ ಬೇರೊಬ್ಬರ ಟ್ಯಾಂಕಿನಲ್ಲಿ ಬೆಳೆದು ಕತ್ತರಿಸಿದ ತುಂಡುಗಳಾಗಿಯೇ ಪಡೆಯುವುದು ಒಳ್ಳೆಯದು. ಒಂದು ಅನುಕೂಲ ಏನೆಂದರೆ, ಇವೆಲ್ಲ ಸಾಧಾರಣ ಬೆಳಕಿನಲ್ಲೇ ಚೆನ್ನಾಗಿ ಬದುಕುತ್ತವೆ. ದುಬಾರಿ ಲೈಟ್ ಬೇಕೇ ಬೇಕು ಅಂತೇನಿಲ್ಲ.

ಹಂತ 1: ಲೈಟ್ ಮುಟ್ಟುವ ಮೊದಲು ನೀರು ನೋಡಿ

ಹವಳ ಸೊರಗಿದ್ದಕ್ಕೆ ಲೈಟೇ ಕಾರಣವೋ ನೀರೋ ಅಂತ ತಿಳಿಯಬೇಕಾದರೆ ನೀರು ಒಂದೇ ಸಮನಾಗಿರಬೇಕು. ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್. ಉಪ್ಪಿನಂಶ ಸಾವಿರಕ್ಕೆ 35, ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026. ಕ್ಷಾರತೆ 8ರಿಂದ 9 ಡಿಕೆಎಚ್ (ಕ್ಷಾರತೆಯ ಮಾನ). ಇವು ಎರಡು ವಾರ ಅಲುಗಾಡದೆ ನಿಲ್ಲಲಿ, ಆಮೇಲೆ ಲೈಟಿನ ಕೆಲಸ.

ನೈಟ್ರೇಟ್, ಫಾಸ್ಫೇಟ್ ಬಗ್ಗೆ ಒಂದು ಮಾತು. ನೀರು ಚೊಕ್ಕವಾಗಿದ್ದಷ್ಟೂ ಒಳ್ಳೆಯದು ಎಂದು ಅನೇಕರು ಇವೆರಡನ್ನೂ ಸೊನ್ನೆಗೆ ಇಳಿಸುತ್ತಾರೆ. ಪೋಷಕಾಂಶ ಸೊನ್ನೆ ಇದ್ದು ಬೆಳಕು ಜೋರಾಗಿದ್ದರೆ ಹವಳ ಬಿಳುಚುವುದು ಇನ್ನೂ ಸುಲಭ. ಪಾಚಿಗಳಿಗೆ ದುಡಿಮೆ ಜಾಸ್ತಿ, ಊಟ ಕಡಿಮೆ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಮೃದು ಹವಳಗಳಿಗೆ ನೆಮ್ಮದಿ.

ಕಡಲು ಹತ್ತಿರ ಇದೆ ಅಂತ ಕಡಲ ನೀರನ್ನೇ ತುಂಬುವವರೂ ಇದ್ದಾರೆ. ಮಳೆಗಾಲದಲ್ಲಿ ಇದು ಬೇಡವೇ ಬೇಡ. ನೇತ್ರಾವತಿ, ಗುರುಪುರ ಹೊಳೆಗಳು ಬೆಂಗ್ರೆ ಹತ್ತಿರ ಕಡಲು ಸೇರುವಾಗ ಕೆಸರು ನೀರನ್ನು ತಂದು ಸುರಿಯುತ್ತವೆ. ದಡದ ನೀರಿನ ಉಪ್ಪು ಇಳಿದಿರುತ್ತದೆ, ಬಣ್ಣ ಚಹಾದಂತಿರುತ್ತದೆ. ಆರ್‌ಒ ನೀರಿಗೆ ಹವಳದ ಟ್ಯಾಂಕಿಗೆಂದೇ ಇರುವ ರೀಫ್ ಉಪ್ಪು ಬೆರೆಸುವುದೇ ನಂಬಬಹುದಾದ ದಾರಿ.

ಹಂತ 2: ಇರುವ ಬೆಳಕನ್ನು ಅಳೆಯಿರಿ

ಬೆಳಕಿನ ಅಳತೆಗೆ ಪಾರ್ ಎಂಬ ಲೆಕ್ಕ ಬಳಸುತ್ತಾರೆ. ದ್ಯುತಿಸಂಶ್ಲೇಷಣೆಗೆ ಉಪಯೋಗವಾಗುವ, 400ರಿಂದ 700 ನ್ಯಾನೊಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಎಷ್ಟು ಬೀಳುತ್ತವೆ ಎಂಬುದು ಅದರ ಅರ್ಥ. ಲೆಕ್ಕ ಮೈಕ್ರೋಮೋಲ್‌ಗಳಲ್ಲಿ. ನಡುಮಧ್ಯಾಹ್ನ ಪಣಂಬೂರು ಬೀಚಿನಲ್ಲಿ ನಿಂತರೆ ತಲೆ ಮೇಲೆ ಸುಮಾರು 2000 ಇರುತ್ತದೆ. ಟ್ಯಾಂಕಿಗೆ ಅದರ ಚಿಕ್ಕ ಪಾಲು ಸಾಕು.

ಹವ್ಯಾಸಿಗಳು ಇಟ್ಟುಕೊಳ್ಳುವ ಅಂದಾಜು ಹೀಗಿದೆ. ಮಶ್ರೂಮ್‌ಗೆ 30ರಿಂದ 80. ಕೀನ್ಯಾ ಟ್ರೀ, ಝೀನಿಯಾಗಳಿಗೆ 60ರಿಂದ 120. ಝೋವಾಂಥಿಡ್, ಲೆದರ್‌ಗಳಿಗೆ 80ರಿಂದ 150. ಕವಲೊಡೆಯುವ ಗಟ್ಟಿ ಹವಳಗಳಿಗೆ 200ರಿಂದ 350. ಈ ಕೊನೆಯ ಅಂಕಿಯನ್ನು ಯಾಕೆ ಹೇಳಿದೆ ಅಂದರೆ, ಮಾರುಕಟ್ಟೆಯ ಬಹುತೇಕ ರೀಫ್ ಲೈಟ್‌ಗಳನ್ನು ಇಂಥ ಹವಳಗಳನ್ನು ಮನಸ್ಸಿನಲ್ಲಿಟ್ಟು ಮಾಡಿರುತ್ತಾರೆ. ನಿಮ್ಮ ಮಶ್ರೂಮ್‌ಗೆ ಅದರ ಕಾಲುಭಾಗ ಸಾಕು.

ಅಳೆಯಲು ನೀರಿನೊಳಗೆ ಮುಳುಗಿಸುವ ಪಾರ್ ಮೀಟರ್ ಬೇಕು. ಅಪೋಜಿ ಕಂಪನಿಯ ಎಂಕ್ಯೂ-510 ಇದಕ್ಕೆಂದೇ ಇರುವ ಮೀಟರ್. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ವರ್ಷಕ್ಕೆ ಒಂದೆರಡು ಸಲ ಬಳಸುವ ವಸ್ತುವಿಗೆ ಅಷ್ಟು ಹಾಕುವುದು ನನ್ನ ಮಟ್ಟಿಗೆ ದಂಡ. ನಾಲ್ಕೈದು ಮಂದಿ ಸೇರಿ ಒಂದು ತೆಗೆದುಕೊಳ್ಳಿ, ಇಲ್ಲವೇ ಇರುವವರಿಂದ ಒಂದು ಸಂಜೆಯ ಮಟ್ಟಿಗೆ ಎರವಲು ತನ್ನಿ.

ಮೀಟರ್ ಕೈಗೆ ಬಂದ ಮೇಲೆ ಮಾಡುವುದು ಹೀಗೆ. ಟ್ಯಾಂಕಿನ ಚಿತ್ರವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಮರಳಿನ ಮೇಲೆ ಐದು ಜಾಗ: ನಾಲ್ಕು ಮೂಲೆ, ಒಂದು ನಡು. ಕಲ್ಲಿನ ಮಧ್ಯ ಎತ್ತರದಲ್ಲಿ ಮೂರು ಜಾಗ. ತುದಿಯಲ್ಲಿ ಒಂದೆರಡು. ಸೆನ್ಸರ್ ನೆಟ್ಟಗೆ ಮೇಲ್ಮುಖವಾಗಿರಲಿ. ನಿಮ್ಮ ಕೈಯ ನೆರಳು ಅದರ ಮೇಲೆ ಬೀಳದಿರಲಿ. ವೇವ್ ಪಂಪ್ ಓಡುವಾಗ ಅಂಕಿ ಕುಣಿಯುತ್ತದೆ, ಸ್ವಲ್ಪ ಹೊತ್ತು ಪಂಪ್ ನಿಲ್ಲಿಸಿ ಅಳೆದರೆ ಸುಲಭ. ಈಗಿನ ಸೆಟ್ಟಿಂಗಿನಲ್ಲಿ ಒಮ್ಮೆ ಎಲ್ಲ ಜಾಗ ಅಳೆಯಿರಿ. ಆಮೇಲೆ ಲೈಟಿನ ನೀಲಿ ಬಲ್ಬುಗಳನ್ನು ಮಾತ್ರ ಉರಿಸಿ ಒಮ್ಮೆ, ಬಿಳಿಯವನ್ನು ಮಾತ್ರ ಉರಿಸಿ ಒಮ್ಮೆ. ಕೊನೆಗೆ ಟ್ಯಾಂಕಿನ ನಡುವೆ ಒಂದೇ ಜಾಗದಲ್ಲಿ ಸೆನ್ಸರ್ ಇಟ್ಟು ಗುಂಡಿಯನ್ನು 20, 30, 40, 50 ಅಂತ ತಿರುಗಿಸುತ್ತಾ ಬರೆದುಕೊಳ್ಳಿ. ಮೀಟರ್ ಹಿಂದಿರುಗಿಸಿದ ಮೇಲೂ ವರ್ಷಪೂರ್ತಿ ಉಪಯೋಗಕ್ಕೆ ಬರುವುದು ಈ ಕೊನೆಯ ಪಟ್ಟಿ. ಗುಂಡಿಯ 50 ಎಂದರೆ ಪೂರ್ತಿ ಬೆಳಕಿನ ಸರಿ ಅರ್ಧ ಅಂತ ನಂಬಬೇಡಿ. ಎಷ್ಟೋ ಲೈಟ್‌ಗಳಲ್ಲಿ ಅದು ಹಾಗಿರುವುದಿಲ್ಲ.

ಅಳೆದಾಗ ಬಹಳ ಜನರಿಗೆ ಅಚ್ಚರಿಯಾಗುವುದು ನಡುವಿಗೂ ಮೂಲೆಗೂ ಇರುವ ವ್ಯತ್ಯಾಸ. ಎರಡಡಿ ಟ್ಯಾಂಕಿಗೆ ಒಂದೇ ಗೋಲ ಲೈಟ್ ಹಾಕಿದರೆ ನಡುವೆ ಸಿಗುವುದರ ಅರ್ಧವೂ ಮೂಲೆಗೆ ಸಿಗದೆ ಇರಬಹುದು. ಇದನ್ನು ದೋಷ ಅಂತ ತಿಳಿಯಬೇಡಿ. ಮಶ್ರೂಮ್ ಮೂಲೆಗೆ, ಝೋವಾಂಥಿಡ್ ನಡುವಿನ ಕಲ್ಲಿಗೆ, ಮುಗಿಯಿತು.

ಮೀಟರ್ ಸಿಗದಿದ್ದರೆ? ಅಗ್ಗದ ಲಕ್ಸ್ ಮೀಟರ್ ಅಥವಾ ಫೋನ್ ಆ್ಯಪ್ ಬಳಸಬಹುದು, ಆದರೆ ಹೋಲಿಕೆಗೆ ಮಾತ್ರ. ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಲೆಕ್ಕ. ನಮ್ಮ ಕಣ್ಣಿಗೆ ಹಸಿರು ಬೆಳಕು ಜೋರು, 450 ನ್ಯಾನೊಮೀಟರ್ ಸುತ್ತಲಿನ ನೀಲಿ ಮಂದ. ಹವಳಕ್ಕೆ ಮುಖ್ಯವಾದದ್ದು ಅದೇ ನೀಲಿ. ನೀಲಿ ಟ್ಯಾಂಕ್ ನೋಡಿ ಬೆಳಕು ಕಡಿಮೆ ಅಂದುಕೊಂಡು ಏರಿಸುವವರು ಮೋಸ ಹೋಗುವುದು ಇಲ್ಲೇ. ಲಕ್ಸನ್ನು ಇಂತಿಷ್ಟರಿಂದ ಭಾಗಿಸಿದರೆ ಪಾರ್ ಸಿಗುತ್ತದೆ ಅನ್ನುವ ಸೂತ್ರ ಬಿಸಿಲಿಗೆ ಸರಿ, ನೀಲಿ ಎಲ್‌ಇಡಿಗೆ ಸರಿಯಲ್ಲ. ಒಂದೇ ಬಣ್ಣದ ಸೆಟ್ಟಿಂಗಿನಲ್ಲಿ, ಒಂದೇ ಜಾಗದಲ್ಲಿ ಹಿಡಿದು, ಕಳೆದ ತಿಂಗಳಿಗಿಂತ ಎಷ್ಟು ಬದಲಾಗಿದೆ ಅಂತ ನೋಡಲು ಅದು ಸಾಕು.

ಹಂತ 3: ಶುರುವಿನ ಸೆಟ್ಟಿಂಗ್

ಮೀಟರ್ ಇದ್ದವರಿಗೆ ಗುರಿ ಸರಳ. ಮರಳಿನ ಮೇಲೆ 40ರಿಂದ 60, ಕಲ್ಲಿನ ಮಧ್ಯದಲ್ಲಿ 80ರಿಂದ 100. ಮೃದು ಹವಳದ ಟ್ಯಾಂಕಿಗೆ ಇದಕ್ಕಿಂತ ಜಾಸ್ತಿಯಿಂದ ಶುರು ಮಾಡಲು ಯಾವ ಕಾರಣವೂ ಇಲ್ಲ.

ಮೀಟರ್ ಇಲ್ಲದಿದ್ದರೆ ನೀಲಿಯನ್ನು ಶೇ. 25ರಿಂದ 30ಕ್ಕೆ, ಬಿಳಿಯನ್ನು ಶೇ. 5ಕ್ಕೆ ಇಟ್ಟು ಶುರು ಮಾಡಿ. ಬಿಳಿ ಬೆಳಕು ಕಣ್ಣಿಗೆ ಚೆಂದ, ಆದರೆ ಬೇಡದ ಪಾಚಿಗೂ ಇಷ್ಟ. ಎರಡು ಗುಂಡಿಯ ಅಗ್ಗದ ಬ್ಲ್ಯಾಕ್ ಬಾಕ್ಸ್ ಲೈಟ್‌ಗಳಲ್ಲಿ ತೀರಾ ಕೆಳಗಿನ ಸೆಟ್ಟಿಂಗ್ ಕೂಡ ಚಿಕ್ಕ ಟ್ಯಾಂಕಿಗೆ ಜೋರಾಗುತ್ತದೆ. ಆಗ ಗುಂಡಿಯನ್ನು ಬಿಟ್ಟು ಎತ್ತರ ನೋಡಿ. ನೀರಿನಿಂದ 9 ಇಂಚು ಮೇಲಿದ್ದ ಲೈಟನ್ನು 14 ಇಂಚಿಗೆ ಏರಿಸಿದರೆ ನಡುವಿನ ತೀವ್ರತೆ ಇಳಿಯುತ್ತದೆ, ಮೂಲೆಗಳಿಗೂ ಬೆಳಕು ಹರಡುತ್ತದೆ. ಚಾವಣಿಗೆ ಹುಕ್ ಹಾಕಿ ಸ್ಟೀಲ್ ತಂತಿಯಲ್ಲಿ ತೂಗುಬಿಟ್ಟರೆ ಮುಂದೆ ಎತ್ತರ ಬದಲಾಯಿಸುವುದು ಸಲೀಸು. ಹುಕ್ ಮಾತ್ರ ಸ್ಟೇನ್‌ಲೆಸ್ ಆಗಿರಲಿ. ನಮ್ಮ ಉಪ್ಪು ಗಾಳಿಗೆ ಮಾಮೂಲಿ ಕಬ್ಬಿಣ ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಉದುರುತ್ತದೆ.

ವೈರ್‌ಗಳು ಸಾಕೆಟ್‌ಗಿಂತ ಕೆಳಗೆ ಒಮ್ಮೆ ಇಳಿದು ಮತ್ತೆ ಮೇಲೇರುವಂತೆ ಕಟ್ಟಿ. ಹನಿದ ನೀರು ಸಾಕೆಟ್ಟಿಗೆ ಹರಿಯದೆ ಕೆಳಗೆ ಬೀಳುತ್ತದೆ. ಟ್ಯಾಂಕಿನ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಲೈಟಿಗಿಂತ ಮೊದಲು ಅದನ್ನು ಹಾಕಿಸಿ.

ಹಂತ 4: ಎಷ್ಟು ಗಂಟೆ, ಯಾವಾಗ

ಪೂರ್ತಿ ಬೆಳಕು 7ರಿಂದ 8 ಗಂಟೆ, ಹಿಂದೆ ಮುಂದೆ ಒಂದೊಂದು ಗಂಟೆ ಮೆಲ್ಲಗೆ ಏರುವ, ಇಳಿಯುವ ಬೆಳಕು. ಇಷ್ಟು ಸಾಕು.

ಹವಳಕ್ಕೆ ಲೆಕ್ಕಕ್ಕೆ ಬರುವುದು ದಿನದ ಒಟ್ಟು ಬೆಳಕು ಕೂಡ. 100 ಪಾರ್ 8 ಗಂಟೆ ಬಿದ್ದರೆ ದಿನಕ್ಕೆ 2.88 ಮೋಲ್. ಅದೇ 100 ಪಾರ್ 10 ಗಂಟೆ ಬಿದ್ದರೆ 3.6 ಮೋಲ್. ಅಂದರೆ ಗುಂಡಿ ಮುಟ್ಟದೆ ಕಾಲುಭಾಗ ಬೆಳಕು ಏರಿಸಿದ ಹಾಗಾಯಿತು. ಮನೆಗೆ ನೆಂಟರು ಬಂದಿದ್ದಾರೆ, ಟ್ಯಾಂಕ್ ನೋಡಲಿ ಅಂತ ರಾತ್ರಿ ಹನ್ನೊಂದರ ತನಕ ಪೂರ್ತಿ ಲೈಟ್ ಉರಿಸುವವರು ಈ ಲೆಕ್ಕ ನೆನಪಿಡಬೇಕು. ಒಂದು ದಿನಕ್ಕೆ ಏನೂ ಆಗುವುದಿಲ್ಲ. ಮದುವೆ ಸೀಸನ್ ಇಡೀ ಹಾಗೇ ಮಾಡಿದರೆ ಆಗುತ್ತದೆ.

ಸಮಯವನ್ನು ನಿಮ್ಮ ಮನೆಯ ಸೆಕೆ ನೋಡಿ ಆರಿಸಿ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ 12ರಿಂದ 4ರ ವರೆಗೆ ಕೋಣೆಯೇ ಕಾದಿರುತ್ತದೆ. ಆ ಹೊತ್ತಿಗೆ ಲೈಟೂ ಸೇರಿದರೆ ನೀರು ಮತ್ತಷ್ಟು ಬಿಸಿ. ಸಂಜೆ 4ರಿಂದ ರಾತ್ರಿ 12ರ ತನಕ ಇಟ್ಟರೆ ಬಿಸಿಯ ಎರಡು ಮೂಲಗಳು ಬೇರೆ ಬೇರೆಯಾಗುತ್ತವೆ. ಆಫೀಸಿನಿಂದ ಬಂದವರಿಗೆ ಟ್ಯಾಂಕ್ ನೋಡಲೂ ಸಿಗುತ್ತದೆ. ಸಮಯ ಬದಲಾಯಿಸುವಾಗ ದಿನಕ್ಕೆ ಅರ್ಧ ಗಂಟೆಯಂತೆ ಸರಿಸಿ.

ಕಿಟಕಿಯ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮಲ್ಲಿ ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಕಿಟಕಿಯೊಳಗೆ ನೇರ ಬಿಸಿಲು ಬರುವುದು ಕಡಿಮೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯ ಒಳಗಿನ ತನಕ ಬರುತ್ತದೆ. ಕಡಲ ಕಡೆ ಮುಖ ಮಾಡಿದ ಫ್ಲ್ಯಾಟುಗಳಿಗೆ ಸಂಜೆ ಬಿಸಿಲಿನ ಕಾಟ ಬೇರೆ. ಟ್ಯಾಂಕಿನ ಒಂದೇ ಬದಿಯ ಹವಳ ಚಳಿಗಾಲದಲ್ಲಿ ಮಾತ್ರ ಬಣ್ಣ ಕಳೆದುಕೊಂಡರೆ ಮೊದಲು ಪರದೆ ಹಾಕಿ ನೋಡಿ.

ಹಂತ 5: ಹೊಸ ಹವಳ ಬಂದಾಗ

ಹೊಸ ಹವಳ ಎಂಥ ಬೆಳಕಿನಲ್ಲಿ ಬೆಳೆದಿತ್ತು ಅಂತ ಮಾರುವವರನ್ನು ಕೇಳಿ. ಗೊತ್ತಿಲ್ಲ ಅಂದರೆ ಕಡಿಮೆಯಲ್ಲಿತ್ತು ಅಂತಲೇ ಇಟ್ಟುಕೊಳ್ಳಿ. ಅಂಗಡಿಯಲ್ಲಿ, ದಾರಿಯ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಮಬ್ಬಿನಲ್ಲಿ ಇದ್ದು ಬಂದಿರುತ್ತದೆ.

ಸುಲಭದ ದಾರಿ ಎಂದರೆ ಅದನ್ನು ಮರಳಿನ ಮೇಲೆ, ಮೂಲೆಯ ಹತ್ತಿರ ಒಂದು ವಾರ ಇಡುವುದು. ಆಮೇಲೆ ವಾರಕ್ಕೆ ಒಂದು ಹೆಜ್ಜೆಯಂತೆ ಮೇಲಕ್ಕೆ. ಆದರೆ ಪದೇ ಪದೇ ಜಾಗ ಬದಲಾಯಿಸಿದರೆ ಹವಳಕ್ಕೂ ಕಿರಿಕಿರಿ, ಮಶ್ರೂಮ್ ಆದರೆ ಕಲ್ಲು ಬಿಟ್ಟು ತೇಲಿ ಹೋಗುತ್ತದೆ. ಅದಕ್ಕೆ ನನಗೆ ಇಷ್ಟ ಸೊಳ್ಳೆ ಪರದೆಯ ಉಪಾಯ. ಕಿಟಕಿಗೆ ಹಾಕುವ ಫೈಬರ್ ನೆಟ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಲೋಹದ ನೆಟ್ ಬೇಡ. ಹವಳವನ್ನು ಅದರ ಕಾಯಂ ಜಾಗದಲ್ಲೇ ಇಟ್ಟು, ಅದರ ನೇರ ಮೇಲೆ ಟ್ಯಾಂಕಿನ ಅಂಚಿಗೆ ನಾಲ್ಕು ಪದರ ನೆಟ್ ಹಾಸಿ. ನಾಲ್ಕೈದು ದಿನಕ್ಕೊಮ್ಮೆ ಒಂದು ಪದರ ತೆಗೆಯಿರಿ. ಹೊಸ ಅಡಿಕೆ ಸಸಿಗೆ ಸೋಗೆಯ ನೆರಳು ಕಟ್ಟಿ, ಆಮೇಲೆ ಬಿಚ್ಚುವ ಹಾಗೆ. ಉಳಿದ ಹವಳಗಳಿಗೆ ಬೆಳಕು ಇದ್ದ ಹಾಗೇ ಇರುತ್ತದೆ. ನೆಟ್ಟನ್ನು ಲೈಟಿನ ಮೇಲೆ ಹೊದಿಸಬೇಡಿ. ಅದರ ಫ್ಯಾನಿಗೆ ಗಾಳಿ ಸಿಗದೆ ಲೈಟ್ ಕಾಯುತ್ತದೆ.

ಝೋವಾಂಥಿಡ್ ಮತ್ತು ಅದರ ನೆಂಟ ಪ್ಯಾಲಿಥೋವಾ ಮುಟ್ಟುವಾಗ ಗ್ಲೌಸ್, ಕನ್ನಡಕ ಹಾಕಿ. ಇವುಗಳಲ್ಲಿ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಅವು ಬೆಳೆದ ಕಲ್ಲನ್ನು ಕುದಿಯುವ ನೀರಿಗೆ ಹಾಕಿ ತೊಳೆಯುವುದಂತೂ ಬೇಡವೇ ಬೇಡ. ಆ ಆವಿ ಉಸಿರಾಡಿ ಆಸ್ಪತ್ರೆ ಸೇರಿದವರಿದ್ದಾರೆ.

ಹಂತ 6: ಮೆಲ್ಲಗೆ ಏರಿಸುವುದು

ಮೊದಲ ಎರಡು ವಾರ ಏನೂ ಮುಟ್ಟಬೇಡಿ. ಹವಳ ಚೆನ್ನಾಗಿ ಅರಳುತ್ತಿದೆ, ಆದರೆ ಬೆಳವಣಿಗೆ ಕಾಣುತ್ತಿಲ್ಲ ಅಥವಾ ಉದ್ದುದ್ದ ಎಳೆಯುತ್ತಿದೆ ಅಂದರೆ ಮಾತ್ರ ಏರಿಸಿ. ಆರಾಮವಾಗಿದ್ದರೆ ಏರಿಸುವುದೇ ಬೇಡ, ಅಲ್ವಾ?

ಏರಿಸುವಾಗ ವಾರಕ್ಕೆ ಶೇ. 10ಕ್ಕಿಂತ ಜಾಸ್ತಿ ಬೇಡ. ಇಲ್ಲಿ ಒಂದು ಗೊಂದಲ ಇದೆ. ಗುಂಡಿಯಲ್ಲಿ 5 ಅಂಕ ಏರಿಸುವುದು ಎಲ್ಲ ಕಡೆಯೂ ಒಂದೇ ಅಲ್ಲ. ಗುಂಡಿಯ ಅಂಕಿಯಷ್ಟೇ ಬೆಳಕು ಬರುತ್ತದೆ ಅಂತ ಇಟ್ಟುಕೊಂಡರೂ, 50ರಿಂದ 55ಕ್ಕೆ ಹೋದರೆ ಬೆಳಕು ಹತ್ತನೇ ಒಂದು ಪಾಲು ಏರುತ್ತದೆ. 20ರಿಂದ 25ಕ್ಕೆ ಹೋದರೆ ಕಾಲುಭಾಗ ಏರುತ್ತದೆ. ಅದೇ ಐದು ಅಂಕ, ಹವಳಕ್ಕೆ ಎರಡೂವರೆ ಪಟ್ಟು ದೊಡ್ಡ ಪೆಟ್ಟು. ಕೆಳಗಿನ ಸೆಟ್ಟಿಂಗುಗಳಲ್ಲಿ ಎರಡೆರಡು ಅಂಕ ಏರಿಸಿ. ನಿಮ್ಮ ಹತ್ತಿರ ಹಂತ 2ರ ಪಟ್ಟಿ ಇದ್ದರೆ ಗುಂಡಿಯನ್ನು ಬಿಟ್ಟು ಪಾರ್ ಅಂಕಿಯನ್ನೇ ನೋಡಿ.

ಕೆಲವು ಲೈಟ್‌ಗಳ ಆ್ಯಪಿನಲ್ಲಿ ಅಕ್ಲಿಮೇಶನ್ ಎಂಬ ಆಯ್ಕೆ ಇರುತ್ತದೆ. ಶುರುವಿನ ಮಟ್ಟ, ಎಷ್ಟು ದಿನ ಎಂದು ಕೊಟ್ಟರೆ ತಾನೇ ದಿನಾ ಒಂಚೂರು ಏರಿಸುತ್ತದೆ. ಒಳ್ಳೆಯದೇ, ನಾಲ್ಕು ವಾರ ಕೊಡಿ. ಆದರೆ ಅದು ಹವಳವನ್ನು ನೋಡುವುದಿಲ್ಲ. ನೋಡುವ ಕೆಲಸ ನಿಮ್ಮದೇ.

ಗುಂಡಿ ಮುಟ್ಟದೆಯೂ ಬೆಳಕು ಏರುವ ಸಂದರ್ಭಗಳಿವೆ. ಬಹಳ ತಿಂಗಳ ನಂತರ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿದರೆ ನೀರಿನ ಹಳದಿ ಛಾಯೆ ಹೋಗಿ ಬೆಳಕು ಒಮ್ಮೆಲೇ ಒಳನುಗ್ಗುತ್ತದೆ. ಉಪ್ಪು ಕಟ್ಟಿದ ಮುಚ್ಚಳದ ಗಾಜು ಉಜ್ಜಿದರೂ, ಲೈಟಿನ ಲೆನ್ಸ್ ಒರೆಸಿದರೂ ಹಾಗೇ. ಇವು ಮೂರನ್ನೂ ಒಂದೇ ಭಾನುವಾರ ಮಾಡಿ ಮುಗಿಸುವ ಉತ್ಸಾಹಿಗಳಿದ್ದಾರೆ. ಕಾರ್ಬನನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಗಾಜನ್ನು ತಿಂಗಳಾನುಗಟ್ಟಲೆ ಬಿಡದೆ ವಾರಕ್ಕೊಮ್ಮೆ ಒರೆಸಿ. ಬಿಟ್ಟಿದ್ದರೆ, ಉಜ್ಜಿದ ದಿನ ಲೈಟನ್ನು ಒಂದು ಮೆಟ್ಟಿಲು ಇಳಿಸಿ.

ಹಂತ 7: ಹವಳವನ್ನು ಓದುವುದು

ಬೆಳಕು ಜಾಸ್ತಿಯಾದರೆ ಮಶ್ರೂಮ್ ಕುಗ್ಗಿ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ. ದಿನ ಕಳೆದಂತೆ ಕಲ್ಲಿನ ನೆರಳಿನ ಕಡೆಗೆ ಸರಿಯುತ್ತದೆ. ಝೋವಾಂಥಿಡ್ ಗಿಡ್ಡವಾಗಿ ಕಲ್ಲಿಗೆ ಅಂಟಿಕೊಂಡು, ಲೈಟ್ ಜೋರಾಗುವ ಹೊತ್ತಿಗೆ ಸರಿಯಾಗಿ ಬಾಯಿ ಮುಚ್ಚುತ್ತದೆ. ಬಣ್ಣ ತಿಳಿಯಾಗುತ್ತದೆ, ಮೊದಲು ಮೇಲ್ಭಾಗದಲ್ಲಿ. ನೆರಳಿನ ಬದಿ ಚೆನ್ನಾಗಿದ್ದು ಬೆಳಕಿನ ಬದಿ ಮಾತ್ರ ಬಿಳುಚಿದ್ದರೆ ಅನುಮಾನವೇ ಬೇಡ, ಬೆಳಕೇ.

ಕಡಿಮೆಯಾದರೆ ಝೋವಾಂಥಿಡ್ ಕತ್ತು ಉದ್ದ ಮಾಡುತ್ತದೆ. ಮಶ್ರೂಮ್ ತೆಳ್ಳಗೆ, ಅಗಲವಾಗಿ ಹರಡಿಕೊಳ್ಳುತ್ತದೆ. ಲೆದರ್ ಬೆಳಕಿನ ಕಡೆ ವಾಲುತ್ತದೆ. ಎಲ್ಲ ಬಣ್ಣವೂ ಕಂದಿನತ್ತ. ಇದು ಕಾಣಿಸಲು ವಾರಗಳು ಬೇಕು, ಗಾಬರಿ ಬೇಡ.

ಬೆಳಕಿನ ತಪ್ಪು ಅಂತ ಕಂಡು ಬೇರೆಯೇ ಆಗಿರುವ ಸಂದರ್ಭಗಳೂ ಇವೆ. ಟೋಡ್‌ಸ್ಟೂಲ್ ಲೆದರ್ ಆಗಾಗ ಕೆಲವು ದಿನ ಮುಚ್ಚಿಕೊಂಡು, ಮೇಣದಂಥ ಪೊರೆ ಬಿಡುತ್ತದೆ. ಅದು ಅದರ ಸ್ವಭಾವ. ನೀರಿನ ಹರಿವು ಸ್ವಲ್ಪ ಜಾಸ್ತಿ ಮಾಡಿ, ಲೈಟ್ ಮುಟ್ಟಬೇಡಿ. ಝೋವಾಂಥಿಡ್ ಗುಂಪಿನಲ್ಲಿ ನಾಲ್ಕೈದು ಮಾತ್ರ ಮುಚ್ಚಿ ಉಳಿದವು ತೆರೆದಿದ್ದರೆ ರಾತ್ರಿ ಟಾರ್ಚ್ ಹಿಡಿದು ನೋಡಿ, ಅದನ್ನು ತಿನ್ನುವ ಚಿಕ್ಕ ಕಡಲ ಗೊಂಡೆಹುಳು ಅಥವಾ ಬಸವನಹುಳು ಸಿಕ್ಕೀತು. ಲೈಟ್ ಆಗಿದ್ದರೆ ಇಡೀ ಗುಂಪು ಮುಚ್ಚುತ್ತದೆ.

ಫೋಟೊ ತೆಗೆದಿಡುವುದು ದೊಡ್ಡ ಸಹಾಯ. ದಿನಾ ನೋಡುವ ಕಣ್ಣಿಗೆ ಬಣ್ಣ ಇಳಿಯುವುದು ತಿಳಿಯುವುದಿಲ್ಲ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಬಿಳಿ ಬೆಳಕಿನಲ್ಲಿ ತೆಗೆಯಿರಿ. ನೀಲಿಯಲ್ಲಿ ತೆಗೆದರೆ ಫೋನ್ ಬಣ್ಣವನ್ನು ಕೆಡಿಸುತ್ತದೆ.

ಬಿಳುಚಿಬಿಟ್ಟಿದ್ದರೆ

ಬೆಳಕನ್ನು ಮೂರನೇ ಒಂದು ಪಾಲು ಇಳಿಸಿ. ಪೂರ್ತಿ ಆರಿಸಬೇಡಿ, ಉಳಿದ ಪಾಚಿಗಳಿಗೆ ಬೆಳಕು ಬೇಕು. ಹವಳವನ್ನು ಎತ್ತಾಡಬೇಡಿ, ಅದರ ಮೇಲೆ ನೆಟ್ ಹಾಸಿ. ಝೋವಾಂಥಿಡ್, ಮಶ್ರೂಮ್‌ಗಳಿಗೆ ವಾರಕ್ಕೆರಡು ಸಲ ತೀರಾ ಚಿಕ್ಕ ಆಹಾರ, ಉದಾಹರಣೆಗೆ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮರಿ, ಸ್ವಲ್ಪ ಕೊಡಿ. ಮೈ ಕರಗದೆ ಉಳಿದಿದ್ದರೆ ಬಣ್ಣ ತಿಂಗಳುಗಳಲ್ಲಿ ವಾಪಸ್ ಬರುತ್ತದೆ. ಬಿಳಿ ಬಣ್ಣ ಅಂದರೆ ಸತ್ತಿದೆ ಅಂತ ಎಸೆಯಬೇಡಿ. ವಾಸನೆ ಬಂದು ಲೋಳೆಯಾಗಿ ಬಿಚ್ಚಿಕೊಂಡರೆ ಮಾತ್ರ ತೆಗೆಯಿರಿ, ಅದೂ ಕೂಡಲೇ.

ಸೆಕೆಗಾಲ

2024ರಲ್ಲಿ ಲಕ್ಷದ್ವೀಪದ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳುಚಿದ್ದನ್ನು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ದಾಖಲಿಸಿದರು. ಕಾರಣ ಕಡಲ ನೀರು ತಿಂಗಳುಗಟ್ಟಲೆ ಬಿಸಿಯಾಗಿದ್ದದ್ದು. ಅಲ್ಲಿ ಬಿಸಿಲು ಹೊಸದಾಗಿ ಜಾಸ್ತಿಯಾಗಿರಲಿಲ್ಲ. ನೀರು ಬಿಸಿಯಾದಾಗ ಪಾಚಿಗಳ ಬೆಳಕು ಹಿಡಿಯುವ ಯಂತ್ರವೇ ಹದಗೆಡುತ್ತದೆ, ನಿನ್ನೆ ತನಕ ಸರಿ ಇದ್ದ ಬೆಳಕು ಇವತ್ತು ಜಾಸ್ತಿಯಾಗುತ್ತದೆ. ಮನೆಯ ಟ್ಯಾಂಕಿನಲ್ಲೂ ಅದೇ. ಹೊರದೇಶದ ಸೆಟ್ಟಿಂಗ್ ನಮ್ಮ ಏಪ್ರಿಲ್‌ಗೆ ಹೊಂದದಿರುವುದು ಇದರಿಂದಲೇ.

ನೀರು 28 ಡಿಗ್ರಿ ದಾಟಿದರೆ ಬೆಳಕನ್ನು ಶೇ. 20 ಇಳಿಸಿ. 30ರ ಹತ್ತಿರ ಹೋದರೆ ಅರ್ಧಕ್ಕೆ ಇಳಿಸಿ, ಗಂಟೆಯನ್ನೂ 6ಕ್ಕೆ ತನ್ನಿ. ಇಳಿಸುವುದಕ್ಕೆ ವಾರದ ನಿಯಮ ಇಲ್ಲ, ಆ ದಿನವೇ ಇಳಿಸಬಹುದು. ಏರಿಸುವುದಕ್ಕೆ ಮಾತ್ರ ತಾಳ್ಮೆ ಬೇಕು.

ನೀರಿನ ಮೇಲೆ ಚಿಕ್ಕ ಫ್ಯಾನ್ ಇಟ್ಟರೆ ತಂಪಾಗುತ್ತದೆ ಅನ್ನುವ ಸಲಹೆ ಬೆಂಗಳೂರು, ಹುಬ್ಬಳ್ಳಿಗೆ ಚೆನ್ನಾಗಿ ಹೊಂದುತ್ತದೆ. ಫ್ಯಾನ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ನಮ್ಮ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಅಷ್ಟು ಫಲ ಸಿಗುವುದಿಲ್ಲ. ಒಂದೆರಡು ಡಿಗ್ರಿ ಇಳಿದರೂ ಲಾಭವೇ, ಇಡಿ. ಆವಿಯಾದ ನೀರಿನ ಬದಲಿಗೆ ಸಿಹಿ ಆರ್‌ಒ ನೀರು ಹಾಕಿ, ಉಪ್ಪು ನೀರಲ್ಲ. ಚಿಲ್ಲರ್ ಕೊಳ್ಳಲು ಆಗುವವರು ಲೈಟಿನ ದುಡ್ಡು ಉಳಿಸಿ ಚಿಲ್ಲರ್‌ಗೆ ಹಾಕಲಿ. ಮೃದು ಹವಳ ಇಡುವ ಕರಾವಳಿಯ ಮನೆಗೆ ಎರಡರಲ್ಲಿ ಒಂದನ್ನು ಆರಿಸಬೇಕೆಂದರೆ ನನ್ನ ಮತ ಅದಕ್ಕೇ.

ಮಳೆಗಾಲ

ಜೂನ್ ಬಂದ ಮೇಲೆ ನೀರು ತಂಪಾಗುತ್ತದೆ. ಸೆಕೆಗಾಲದಲ್ಲಿ ಇಳಿಸಿದ ಬೆಳಕನ್ನು ವಾರಕ್ಕೆ ಶೇ. 10ರಂತೆ ವಾಪಸ್ ಏರಿಸಬಹುದು. ತೊಂದರೆ ಕೊಡುವುದು ಕರೆಂಟ್. ಒಂದು ದಿನ, ಎರಡು ದಿನ ಬೆಳಕು ಇಲ್ಲದಿದ್ದರೆ ಹವಳಕ್ಕೆ ಏನೂ ಆಗುವುದಿಲ್ಲ. ಕಡಲಿನಲ್ಲೂ ಮೋಡ ಕವಿದ ದಿನಗಳಿವೆ. ಇನ್ವರ್ಟರ್ ಶಕ್ತಿಯನ್ನು ಲೈಟಿಗೆ ಸುಡಬೇಡಿ, ಪಂಪಿಗೆ ಇಟ್ಟುಕೊಳ್ಳಿ. ನೀರು ಅಲುಗಾಡದಿದ್ದರೆ ಆಮ್ಲಜನಕ ಇಳಿದು ಮೀನು, ಹವಳ ಎರಡೂ ಹೋಗುತ್ತವೆ. ಮೂರ್ನಾಲ್ಕು ದಿನ ಕತ್ತಲಲ್ಲಿ ಇದ್ದರೆ ಕರೆಂಟ್ ಬಂದ ಮೇಲೆ ಅರ್ಧದಿಂದ ಶುರು ಮಾಡಿ, ಒಂದು ವಾರದಲ್ಲಿ ಮೊದಲಿನ ಮಟ್ಟಕ್ಕೆ ತನ್ನಿ.

ಹಲ್ಲು ಹಲ್ಲಿನ ಚಕ್ರ ಇರುವ ಅಗ್ಗದ ಟೈಮರ್ ಬಳಸುವವರು ಒಂದು ವಿಷಯ ಗಮನಿಸಬೇಕು. ಕರೆಂಟ್ ಹೋದಾಗ ಅದರ ಗಡಿಯಾರವೂ ನಿಲ್ಲುತ್ತದೆ. ದಿನಾ ಎರಡು ಗಂಟೆ ಕರೆಂಟ್ ಹೋದರೆ ವಾರದಲ್ಲಿ 14 ಗಂಟೆ ಹಿಂದೆ ಬೀಳುತ್ತದೆ. ಸಂಜೆ ಉರಿಯಬೇಕಾದ ಲೈಟ್ ಬೆಳಗಿನ ಜಾವ ಉರಿಯುತ್ತಿರುತ್ತದೆ, ನೀವು ನಿದ್ದೆಯಲ್ಲಿರುತ್ತೀರಿ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ.

ಲೈಟಿನ ಫ್ಯಾನನ್ನೂ ತಿಂಗಳಿಗೊಮ್ಮೆ ನೋಡಿ. ಉಪ್ಪು, ತೇವ, ಧೂಳು ಸೇರಿ ಅದು ಕಚ್ಚಿಕೊಂಡರೆ ಲೈಟ್ ಕಾಯುತ್ತದೆ. ಕೆಲವು ಲೈಟ್‌ಗಳು ತಾವೇ ಬೆಳಕು ಇಳಿಸಿಕೊಳ್ಳುತ್ತವೆ, ಕೆಲವು ಸುಟ್ಟೇ ಹೋಗುತ್ತವೆ. ಪ್ಲಗ್ ತೆಗೆದು, ಒಣ ಬ್ರಷ್‌ನಿಂದ ಫ್ಯಾನ್ ಚೊಕ್ಕ ಮಾಡಿ.

ಲೈಟ್ ಬದಲಾಯಿಸುವಾಗ

ಹಳೆಯ ಲೈಟ್ ತೆಗೆಯುವ ಮೊದಲು ಹಂತ 2ರ ಅಳತೆಯನ್ನು ಮತ್ತೊಮ್ಮೆ ಮಾಡಿ. ಹೊಸದನ್ನು ಕಟ್ಟಿದ ಮೇಲೆ ಅದೇ ಜಾಗಗಳಲ್ಲಿ ಅದೇ ಅಂಕಿ ಬರುವ ತನಕ ಗುಂಡಿಯನ್ನೂ ಎತ್ತರವನ್ನೂ ಹೊಂದಿಸಿ. ಆಮೇಲೆ ಅದಕ್ಕಿಂತ ಶೇ. 20 ಕೆಳಗೆ ಇಳಿಸಿ ಬಿಡಿ. ಅಂಕಿ ಒಂದೇ ಆದರೂ ಬಣ್ಣಗಳ ಹಂಚಿಕೆ ಬೇರೆ ಇರುತ್ತದೆ, ಹವಳಕ್ಕೆ ಅದು ಹೊಸ ಬೆಳಕೇ. ಹಳೆಯ ಲೈಟ್‌ನ ಸೆಟ್ಟಿಂಗ್ ಅಂಕಿಗಳನ್ನು ಹೊಸದಕ್ಕೆ ಹಾಕಬೇಡಿ. ಒಂದು ಕಂಪನಿಯ 40ಕ್ಕೂ ಇನ್ನೊಂದರ 40ಕ್ಕೂ ಸಂಬಂಧವೇ ಇಲ್ಲ. ಎರಡು ವಾರ ಬಿಟ್ಟು ಹಂತ 6ರಂತೆ ಏರಿಸಿ. ಹಳೆಯ ಲೈಟ್ ಕೆಟ್ಟೇ ಹೋಗಿ ಅಳೆಯಲು ಆಗದಿದ್ದರೆ ಹವಳಗಳನ್ನೆಲ್ಲ ಹೊಸದಾಗಿ ಬಂದವು ಅಂತಲೇ ಲೆಕ್ಕ ಹಾಕಿ, ಹಂತ 3ರ ಶುರುವಿನ ಸೆಟ್ಟಿಂಗಿನಿಂದ ಹೊರಡಿ.